ರೇಖೆಯಿಲ್ಲದ ಮೂರು ಬೆರಳು

ಮೇಸ್ತ್ರಿಯ ಬಲಗೈಯ ನಡುವಿನ ಮೂರು ಬೆರಳುಗಳ ತುದಿಯಲ್ಲಿ ರೇಖೆಗಳೇ ಇರಲಿಲ್ಲ. ನಲವತ್ತು ವರ್ಷ ಉಪ್ಪುಕಾಗದ ಹಿಡಿದು ಕಾರುಗಳ ತಗಡು ಉಜ್ಜಿ ಉಜ್ಜಿ ಅವು ನೆಲ್ಲಿಕಾಯಿಯ ಹಾಗೆ ನುಣ್ಣಗಾಗಿದ್ದವು. ಐಡಿ ಕಾರ್ಡು ನವೀಕರಿಸಲು ಹೋದಾಗಲೆಲ್ಲ ಬೆರಳಚ್ಚಿನ ಯಂತ್ರ ಕೆಂಪು ದೀಪ ತೋರಿಸುತ್ತಿತ್ತು. ಕೌಂಟರಿನ ಹುಡುಗಿ ಕೈಗೆ ಕ್ರೀಮು ಹಚ್ಚಿ, ಒರೆಸಿ, ಮತ್ತೆ ಒತ್ತಿಸುತ್ತಿದ್ದಳು. ಹೊರಗೆ ಬಂದು ಅವರು ನಗುತ್ತಿದ್ದರು: "ಸರ್ಕಾರದ ಲೆಕ್ಕದಲ್ಲಿ ನಾನು ಹುಟ್ಲೇ ಇಲ್ಲ ಮಾರಾಯ್ರೆ."

ಆ ಮೂರು ಬೆರಳು ನನ್ನ ಮನೆಯ ಅನ್ನ. ದುಬೈಯಲ್ಲಿ ಹಳೆಯ ಅಮೆರಿಕನ್ ಮಸಲ್ ಕಾರುಗಳನ್ನು ಮಾರುವ ಒಂದು ಶೋರೂಮಿನಲ್ಲಿ ನಾನು ತಪಾಸಣೆಯ ವರದಿ ಬರೆಯುತ್ತೇನೆ. ಐವತ್ತು ವರ್ಷ ದಾಟಿದ ಎರಡು ಬಾಗಿಲಿನ ಕಾರು, ಎಂಟು ಸಿಲಿಂಡರಿನ ಎಂಜಿನ್ನು. ಅದರ ಮೈ, ಎಂಜಿನ್ನು, ಬಣ್ಣ ಎಲ್ಲವೂ ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದದ್ದೇ ಆದರೆ ಅದು ಒರಿಜಿನಲ್. ಎಲ್ಲಾದರೂ ಕತ್ತರಿಸಿ ಕೂಡಿಸಿದ್ದರೆ ಬೆಲೆ ಅರ್ಧಕ್ಕರ್ಧ ಬಿದ್ದುಹೋಗುತ್ತದೆ. ಯಾವುದು ಯಾವುದೆಂದು ಹೇಳುವುದು ನನ್ನ ಕೆಲಸ. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಬಂದ ನನಗೆ ಎಂಜಿನ್ನು ಗೊತ್ತಿತ್ತು, ತಗಡಿನ ಭಾಷೆ ಗೊತ್ತಿರಲಿಲ್ಲ. ಅದನ್ನು ಕಲಿಸಿದವರು ರಾಸ್ ಅಲ್ ಖೋರಿನ ಗ್ಯಾರೇಜೊಂದರಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ಈ ಮೇಸ್ತ್ರಿ. ಊರು ಮೂಡುಬಿದಿರೆಯ ಕಡೆ.

ಅವರ ಪರೀಕ್ಷೆ ನೋಡುವ ಹಾಗಿರುತ್ತಿತ್ತು. ಮೊದಲು ಚಪ್ಪಲಿ ಬಿಡುತ್ತಿದ್ದರು. ಆಮೇಲೆ ತೀರಿಹೋದ ಹೆಂಡತಿಯ ಹಳೆ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಅಯಸ್ಕಾಂತ ತೆಗೆದು, ಬಣ್ಣಕ್ಕೆ ಗೀರು ಬೀಳದಂತೆ ಬಾಗಿಲ ಮೇಲೆ ಅಲ್ಲಲ್ಲಿ ಇಡುತ್ತಿದ್ದರು. ಒಳಗೆ ಪುಟ್ಟಿ ತುಂಬಿದ್ದರೆ ಅದು ಜಾರಿ ಬೀಳುತ್ತಿತ್ತು. ಕೊನೆಗೆ ಕಣ್ಣು ಮುಚ್ಚಿ, ಬಾನೆಟ್ಟಿನಿಂದ ಡಿಕ್ಕಿಯವರೆಗೆ ಮೂರು ಬೆರಳು ಎಳೆಯುತ್ತಿದ್ದರು. ಆಗ ಯಾರಾದರೂ ಮಾತಾಡಿದರೆ ಸಿಟ್ಟು ಬರುತ್ತಿತ್ತು.

"ಕಂಪನಿಯವರು ಗಡಿಬಿಡಿಯಲ್ಲಿ ಮಾಡಿದ್ದು. ವೆಲ್ಡಿಂಗ್ ಚುಕ್ಕೆ ಒಂದು ಅತ್ತ, ಒಂದು ಇತ್ತ. ಒರಟು. ಚಂದ ಉಂಟಾ? ಹಾಗಾದ್ರೆ ಸಂಶಯ ಪಡಿ ಹುಬ್ಬಳ್ಳಿ ಸಾಹೇಬ್ರೆ" ಎಂದು ಅವರು ನನಗೆ ನೂರು ಸಲವಾದರೂ ಹೇಳಿದ್ದಾರೆ.

ಅವರ ಕೆಲಸದ ದೋಷವೂ ಅದೇ ಆಗಿತ್ತು. ಅವರಿಗೆ ಒರಟಾಗಿ ಮಾಡಲು ಬರುತ್ತಿರಲಿಲ್ಲ. ಹಳೇ ಗಾಡಿಗೆ ತಗಡಿನ ತುಂಡು ಕೂಡಿಸಿದರೆ ಚುಕ್ಕೆಗಳು ರಂಗೋಲಿಯ ಹಾಗೆ ಸಮ ಸಮ ಕೂರುತ್ತಿದ್ದವು. ಯಾರಿಗೂ ಕಾಣದ ಕಡೆಯಲ್ಲೂ ಅಷ್ಟೇ.

ಎರಡು ವರ್ಷದ ಹಿಂದೆ ಅವರ ಗ್ಯಾರೇಜು ಮುಚ್ಚಿತು. ವೀಸಾ ಮುಗಿದು, ದೇಶ ಬಿಡಲು ಕೊಟ್ಟ ದಿನಗಳು ಓಡುತ್ತಿದ್ದವು. ಅರವತ್ತು ದಾಟಿದವರಿಗೆ ಹೊಸ ವೀಸಾ ಕೊಡುವವರು ಯಾರು? ಆದರೆ ಅವರಿಗೆ ಇಲ್ಲೇ ಉಳಿಯಬೇಕಿತ್ತು. ಒಬ್ಬಳೇ ಮಗಳು ಅಲ್ ಐನ್‌ನ ಆಸ್ಪತ್ರೆಯೊಂದರಲ್ಲಿ ನರ್ಸು, ಚೊಚ್ಚಲ ಬಸುರಿ. "ಕನ್ನಡ ಮೀಡಿಯಂನಲ್ಲಿ ಓದಿ ನರ್ಸ್ ಆದವಳು ನನ್ನ ಮಗಳು. ಅವಳಿಗೆ ಅಮ್ಮ ಇಲ್ಲ. ಹೆರಿಗೆ ಹೊತ್ತಿಗೆ ನಾನಾದ್ರೂ ಬೇಡವಾ?" ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ನಮ್ಮ ಶೋರೂಮಿನ ಮಾಲೀಕ ಕೊನೆಗೆ ಒಂದು ಮಾತು ಕೊಟ್ಟ. ಆಗ ನಮ್ಮಲ್ಲಿ ಮಾರಾಟಕ್ಕಿದ್ದ ಕಪ್ಪು ಬಣ್ಣದ ದೊಡ್ಡ ಕಾರು ಮಾರಿಹೋದರೆ ಮೇಸ್ತ್ರಿಗೆ ನಮ್ಮಲ್ಲೇ ಕೆಲಸ, ನಮ್ಮದೇ ವೀಸಾ.

ಆ ಕಾರನ್ನು ಮೇಸ್ತ್ರಿಯೇ ಬಂದು ಪರೀಕ್ಷಿಸಿದ್ದರು. ಬೆರಳು ಎಳೆದರು. ಹಿಂದಿನ ಚಕ್ರದ ಮೇಲ್ಭಾಗಕ್ಕೆ ಬಂದಾಗ ಅರೆಗಳಿಗೆ ಕೈ ನಿಂತಿತು. ಆಮೇಲೆ ಕಣ್ಣು ತೆರೆಯದೆಯೇ "ಒರಿಜಿನಲ್. ಬರೀರಿ" ಎಂದರು. ನಾನು ಬರೆದೆ, ಸಹಿ ಹಾಕಿದೆ. ಆ ಅರೆಗಳಿಗೆ ನನ್ನ ಕಣ್ಣಿಗೆ ಬಿದ್ದಿತ್ತು. ನೋಡಿಯೂ ನೋಡದವನ ಹಾಗೆ ಇದ್ದುಬಿಟ್ಟೆ.

ಗಿರಾಕಿ ಅಬುಧಾಬಿಯ ಒಬ್ಬ ಹಿರಿಯ ಅರಬ್ಬಿ. ತನ್ನದೇ ತಜ್ಞನನ್ನು ಕರೆದುಕೊಂಡು ಗುರುವಾರ ಬೆಳಿಗ್ಗೆ ಬರುವವನಿದ್ದ. ಬುಧವಾರ ಫೋಟೋ ತೆಗೆಯಲೆಂದು ಡಿಕ್ಕಿಯ ಅಂಚಿನ ರಬ್ಬರು ಎಳೆದೆ. ಅದರ ಕೆಳಗೆ ವೆಲ್ಡಿಂಗ್ ಚುಕ್ಕೆಗಳು ಸಾಲಾಗಿ, ಸಮವಾಗಿ, ಒಂದಕ್ಕೊಂದು ಅಳೆದಿಟ್ಟ ಹಾಗೆ ಕೂತಿದ್ದವು. ಅಂಥ ಚುಕ್ಕೆ ಹಾಕುವ ಕೈ ಈ ದೇಶದಲ್ಲಿ ಒಂದೇ ಇತ್ತು.

ಟ್ಯಾಕ್ಸಿ ಹಿಡಿದು ರಾಸ್ ಅಲ್ ಖೋರಿಗೆ ಓಡಿದೆ. ಖಾಲಿಯಾದ ಗ್ಯಾರೇಜಿನಲ್ಲಿ ಮೇಸ್ತ್ರಿ ತಮ್ಮ ಸುತ್ತಿಗೆಗಳನ್ನು ಗೋಣಿಗೆ ತುಂಬುತ್ತಿದ್ದರು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು.

"ರಬ್ಬರ್ ತೆಗೆದ್ರಾ?"

"ಖರೆ ಹೇಳ್ರಿ ಮೇಸ್ತ್ರಿ. ಅದು ನಿಮ್ಮ ಕೈ ಕೆಲಸ ಹೌದಲ್ರಿ?"

"ಹೌದು. ಹದಿನೆಂಟು ವರ್ಷ ಆಯ್ತು. ಹಿಂದಿಂದ ಲಾರಿ ಗುದ್ದಿ ಅರ್ಧ ಗಾಡಿ ಇರ್ಲಿಲ್ಲ. ಬೇರೆ ಗಾಡಿಯ ಹಿಂಭಾಗ ತಂದು ಕೂಡಿಸಿದೆ. ಆವತ್ತು ಕೈ ಇಟ್ಟ ತಕ್ಷಣ ಗೊತ್ತಾಯ್ತು, ಇದು ನಂದೇ ಅಂತ."

"ಮತ್ತ ನನಗ ಯಾಕ ಸುಳ್ಳು ಹೇಳಿದ್ರಿ?"

ಅವರು ಇನ್ನೊಂದು ಸುತ್ತಿಗೆಯನ್ನು ಗೋಣಿಗೆ ಹಾಕಿದರು. ಕಾರಣ ಕೇಳಬೇಕಾಗಿಯೇ ಇರಲಿಲ್ಲ. ಎಂಟನೇ ತಿಂಗಳ ಬಸುರಿ ಮಗಳು ನನಗೂ ಗೊತ್ತಿದ್ದವಳೇ.

ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಬರೀ ಹೆದರಿಕೆ. ನಾಳೆ ಆ ತಜ್ಞ ರಬ್ಬರು ಎಳೆದರೆ ಸುಳ್ಳು ವರದಿಗೆ ಸಹಿ ಹಾಕಿದವನು ನಾನು. ಕೆಲಸ ಹೋಗುತ್ತದೆ, ಕೆಲಸದ ಜೊತೆ ವೀಸಾ, ಹೆಂಡತಿ ಮಗಳ ವೀಸಾ. ಮಗಳು ಊದ್ ಮೇಥಾದ ಶಾಲೆಯಲ್ಲಿ ಹತ್ತನೇ ತರಗತಿ, ಬೋರ್ಡ್ ಪರೀಕ್ಷೆಗೆ ಆರು ವಾರ. ಪೊಲೀಸ್ ಕೇಸಾದರೆ? ಅಲ್ಲಿಂದ ಮುಂದೆ ನನ್ನ ತಲೆ ಓಡಲೇ ಇಲ್ಲ. ಆಗ ನನ್ನ ಬಾಯಿಂದ ಆ ಮಾತು ಬಂತು.

"ಅವನ್ನ ಕೆಡಸ್ರಿ ಮೇಸ್ತ್ರಿ. ಆ ಚುಕ್ಕೀನ ಒರಟ ಮಾಡ್ರಿ. ಕಂಪನೀದ ಇದ್ದಂಗ ಕಾಣಬೇಕು. ನಿಮಗೂ ವೀಸಾ ಸಿಗತೈತಿ, ನಾನೂ ಉಳಕೊಂತೀನಿ."

ನಾನು ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಅವರು "ಯಲ್ಲಾ, ಹೋಗುವ" ಎಂದು ಎರಡು ಸಲಕರಣೆ ಎತ್ತಿಕೊಂಡು ನನ್ನ ಜೊತೆ ಬಂದರು.

ಮಧ್ಯಾಹ್ನ ಶೋರೂಮಿನವರೆಲ್ಲ ಊಟಕ್ಕೆ ಹೋದ ಹೊತ್ತು. ಮೇಸ್ತ್ರಿ ಡಿಕ್ಕಿಯೊಳಗೆ ಅರ್ಧ ಮೈ ಹಾಕಿ ಮಲಗಿದರು. ನಾನು ಟಾರ್ಚು ಹಿಡಿದೆ. ಅವರು ಉಳಿಯ ತುದಿಯನ್ನು ಮೊದಲ ಚುಕ್ಕೆಯ ಮೇಲೆ ಇಟ್ಟರು. ಸುತ್ತಿಗೆ ಎತ್ತಿದರು. ಹೊಡೆಯದೆ ಇಳಿಸಿದರು. ಮತ್ತೆ ಎತ್ತಿದರು. ಹೀಗೆ ಎಷ್ಟು ಸಲವೋ. ಬೆವರು ಹನಿದು ತಗಡಿನ ಮೇಲೆ ಬೀಳುತ್ತಿತ್ತು, ಅದನ್ನು ಮಾತ್ರ ತೋಳಿನಿಂದ ಒರೆಸುತ್ತಿದ್ದರು.

"ಕೈ ಕೇಳುದಿಲ್ಲ ಮಾರಾಯ್ರೆ" ಎಂದರು.

"ನಿಮ್ಮ ಕೈಗಿಂತ ನನ್ನ ಮಗಳು ದೊಡ್ಡಾಕಿ ಅದಾಳ್ರಿ!" ಎಂದು ಚೀರಿದೆ. ನನಗೆ ಕಸುಬು ಕಲಿಸಿದ ಮನುಷ್ಯನಿಗೆ ಚೀರಿದೆ. "ನಿಮ್ಮ ಮಗಳನ್ನರ ನೆನಸ್ರಿ!"

ಅವರು ಮೆಲ್ಲಗೆ ಹೊರಗೆ ಬಂದು, ಸೊಂಟ ಹಿಡಿದು ನೆಟ್ಟಗೆ ನಿಂತರು. ರಬ್ಬರನ್ನು ಅದರ ಜಾಗಕ್ಕೆ ಒತ್ತಿದರು. "ಪರೀಕ್ಷೆ ಯಾವಾಗ ಹೇಳಿದ್ರಿ ನಿಮ್ಮ ಮಗಳಿಗೆ?" ಎಂದು ಕೇಳಿದರು. ಹೇಳಿದೆ. "ಓದ್ಲಿ, ಓದ್ಲಿ" ಎಂದು ಕೈತೊಳೆದುಕೊಂಡು ಹೊರಟುಹೋದರು. ಮನೆಗೆ ಹೋದ ನನಗೆ ಅನ್ನ ಸೇರಲಿಲ್ಲ. "ವಾಟ್ ಹ್ಯಾಪನ್ಡ್ ಪಪ್ಪಾ?" ಎಂದು ಮಗಳು ಕೇಳಿದರೆ ಹೊಟ್ಟೆನೋವು ಎಂದೆ.

ಗುರುವಾರ ಬೆಳಿಗ್ಗೆ ಅರಬ್ಬಿ ಹಿರಿಯ ಬಂದು ಕಾಫಿ ಕುಡಿಯುತ್ತಿದ್ದ. ತಜ್ಞ ಇನ್ನೂ ಬಂದಿರಲಿಲ್ಲ. ಆಗ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮೇಸ್ತ್ರಿ ಒಳಗೆ ಬಂದರು. ನೇರ ಕಾರಿನ ಹತ್ತಿರ ಹೋಗಿ, ಚಪ್ಪಲಿ ಬಿಟ್ಟು, ಡಿಕ್ಕಿ ತೆರೆದು ರಬ್ಬರು ಎಳೆದರು.

"ಅರ್ಬಾಬ್, ಹಾದಾ ಅಸ್ಲಿ ಮಾಫಿ" ಎಂದರು. ಯಜಮಾನ್ರೇ, ಇದು ಅಸಲಿ ಅಲ್ಲ. ಆಮೇಲೆ ಎದೆಯ ಮೇಲೆ ಕೈಯಿಟ್ಟು, "ಹಾದಾ ಶುಗಲ್ ಮಾಲ್ ಅನಾ." ಈ ಕೆಲಸ ನನ್ನದು.

ಮಾಲೀಕನ ಮುಖ ಕಪ್ಪಿಟ್ಟಿತು. ಅರಬ್ಬಿ ಹಿರಿಯ ಬಗ್ಗಿ ಆ ಸಾಲಿನ ಮೇಲೆ ಬೆರಳಾಡಿಸಿ ನೋಡಿದ. ನನ್ನ ಕಡೆ ತಿರುಗಿ ವರದಿ ಬರೆದವನು ನೀನೇನಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಮೇಸ್ತ್ರಿಯ ಮುಖ ನೋಡಿದೆ. ಮೇಸ್ತ್ರಿಯೇ ತಮ್ಮ ಮುರುಕು ಹಿಂದಿಯಲ್ಲಿ ಉತ್ತರಿಸಿದರು. "ಇವರಿಗೆ ಸುಳ್ಳು ಹೇಳಿದ್ದು ನಾನು. ಇವರು ನಂಬಲಿಲ್ಲ. ನಿನ್ನೆ ರಬ್ಬರು ಎಳೆದು ಕಂಡುಹಿಡಿದವರು ಇವರೇ, ನನ್ನನ್ನು ಹಿಡಿದು ಕೇಳಿದವರೂ ಇವರೇ."

ಎಲ್ಲರೂ ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಕಾರು ಇಳಿದ ಬೆಲೆಗೆ ಆ ಹಿರಿಯನಿಗೇ ಹೋಯಿತು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡುವವನೆಂದು ಹೆಸರಾಯಿತು. ಮೇಸ್ತ್ರಿಗೆ ಮಾಲೀಕ "ಖಲಾಸ್" ಎಂದು ಬಾಗಿಲು ತೋರಿಸಿದ. ನಾನು ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ.

"ಹೊಸ ವರದಿಯಲ್ಲಿ ಏನು ಬರೀತೀರಿ?" ಎಂದು ಅವರೇ ಕೇಳಿದರು.

"ಹಿಂಭಾಗ ಒರಿಜಿನಲ್ ಅಲ್ಲ ಅಂತ."

"ಕೆಲಸ ಹೇಗುಂಟು ಅಂತ ಸಹ ಬರೀರಿ." ಬಸ್ಸು ಬಂತು. ಹತ್ತಿದರು.

ಬರೆದೆ. 'ಕೆಲಸ ಅತ್ಯುತ್ತಮ' ಎಂದು ಬರೆದೆ. ಯಾರ ಕೆಲಸ ಎಂದು ಬರೆಯಲು ವರದಿಯಲ್ಲಿ ಜಾಗವಿರಲಿಲ್ಲ.

ಅವರು ಊರಿಗೆ ಹೋದ ಹನ್ನೊಂದನೇ ದಿನಕ್ಕೆ ಅಲ್ ಐನ್‌ನಲ್ಲಿ ಮೊಮ್ಮಗ ಹುಟ್ಟಿದ. ಮಗುವನ್ನು ಅವರು ಎತ್ತಿಕೊಳ್ಳಲೇ ಇಲ್ಲ. ಕಳೆದ ಬೇಸಿಗೆಯಲ್ಲಿ ಎದೆನೋವೆಂದು ಕೂತವರು ಏಳಲಿಲ್ಲ. ಸುದ್ದಿ ಕೇಳಿ ನಾನು ಅಲ್ ಐನ್‌ಗೆ ಹೋದೆ. ಮೇಸ್ತ್ರಿಯ ಮಗಳ ತೊಡೆಯ ಮೇಲೆ ಮಗು ಕುಣಿಯುತ್ತಿತ್ತು. ವಿಡಿಯೊ ಕಾಲ್ ಮಾಡಿದಾಗಲೆಲ್ಲ ಅಪ್ಪ "ಮಗುವಿನ ಬೆರಳು ಹತ್ರ ತೋರ್ಸು, ಗೆರೆ ಉಂಟಾ ನೋಡುವ" ಎನ್ನುತ್ತಿದ್ದರೆಂದು ಹೇಳಿ ಅವಳು ನಗಲು ನೋಡಿದಳು. ನಗು ಬರಲಿಲ್ಲ.

ಆಮೇಲೆ ಕೇಳಿದಳು. "ಅಪ್ಪ ನಿಮಗೆ ಸುಳ್ಳು ಹೇಳಿ ಸಿಕ್ಕಿಬಿದ್ದದ್ದಂತೆ. ಹಾಗಾಗಿ ವೀಸಾ ಸಿಗ್ಲಿಲ್ಲಂತೆ. ಅವರೇ ಹೇಳಿದ್ರು. ಹೌದಾ ಅಂಕಲ್? ನಂಗೆ ನಂಬ್ಲಿಕ್ಕೇ ಆಗುದಿಲ್ಲ."

"ಹೌದಮ್ಮ" ಎಂದೆ. ಅಷ್ಟೇ ಹೇಳಿದೆ. ಅವಳು ಕೊಟ್ಟ ಚಹಾ ಕುಡಿದು, ಮಗುವಿನ ಕೈಗೆ ಒಂದು ಆಟಿಕೆ ಕಾರು ಕೊಟ್ಟು ಬಂದುಬಿಟ್ಟೆ.

ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಆ ಚುಕ್ಕೆಗಳನ್ನು ಕೆಡಿಸಿರೆಂದು ಬೇಡಿದವನು ನಾನು. ಸುತ್ತಿಗೆ ಎತ್ತಿಯೂ ಹೊಡೆಯದೆ ಇಳಿಸಿದವರು ಅವರು. ನನ್ನ ಮಗಳು ಪರೀಕ್ಷೆ ಬರೆದು ಪಾಸಾದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅವರ ಮಗಳಿಗೆ ಬರುತ್ತದೆ.