ಗುಂಡಿಗೆ ಹಾಕಿದ ರಂಗೋಲಿ

ಸಂಪತ್ ಚುಕ್ಕಿ ಇಡುತ್ತಾನೆ, ಅವನ ಹೆಂಡತಿ ರಮ್ಯಶ್ರೀ ಗೆರೆ ಎಳೆಯುತ್ತಾಳೆ. ಗಂಡಸೊಬ್ಬ ಕುಕ್ಕರುಗಾಲಿನಲ್ಲಿ ಕೂತು ಚುಕ್ಕಿ ಇಡುವುದನ್ನು ಕಂಡು ಹೇರೋಹಳ್ಳಿಯ ನಮ್ಮ ಬೀದಿಯಲ್ಲಿ ನಗದವರಿಲ್ಲ. ಅವನು ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಫ್ಲೆಕ್ಸ್ ಬಂದು ಕುಂಚ ಮೂಲೆ ಸೇರಿತು. ಅವಳು ಡ್ರಾಯಿಂಗ್ ಟೀಚರ್. ಬೀದಿಯ ಕಷ್ಟವನ್ನು ಬೀದಿಯವರ ಕೈಯಲ್ಲೇ ಬರೆಸಬೇಕು ಎಂಬುದು ಇಬ್ಬರ ಹಟ.

ಕಷ್ಟಕ್ಕೇನು ಬರ? ತಿರುವಿನ ಚರಂಡಿಗೆ ಚಪ್ಪಡಿಯಿಲ್ಲ. ಹೂ ಮಾರುವ ಬೋರಮ್ಮ ಅದರಲ್ಲಿ ಬಿದ್ದು ಕಾಲು ಮುರಿದುಕೊಂಡರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆದರೂ ನಮ್ಮ ವಾರ್ಡಿನ ಇಂಜಿನಿಯರ್ ಸುಧೀಂದ್ರ ಅವರ ಕಣ್ಣಿಗೆ ಮಾತ್ರ ಅದು ಬೀಳಲಿಲ್ಲ. ಬೀಳಲಿ ಎಂದೇ ಈ ದಂಪತಿ ಹೆಂಗಸರನ್ನೆಲ್ಲ ಸೇರಿಸಿ ಆ ಚರಂಡಿ ಗುಂಡಿಯ ಸುತ್ತ ದೊಡ್ಡ ರಂಗೋಲಿ ಹಾಕಿಸಿದರು.

ಸುಧೀಂದ್ರ ಬಂದರು, ಫೋಟೋ ಹಿಡಿದರು. "ಸೂಪರ್ ಮೇಡಂ! ಗೌರಿ ಹಬ್ಬಕ್ಕೆ ದೊಡ್ಡೋರನ್ನ ಕರ್ಕೊಂಡ್ ಬರ್ತೀನಿ, ಬೀದಿ ತುಂಬ ಹಾಕ್ಸಿ. ಪ್ರೈಜ್ ಕೊಡ್ಸೋಣ."

"ಚಪ್ಪಡಿ ಸಾರ್?" ಎಂದ ಸಂಪತ್.

"ಮುಚ್ಚಿದ್ರೆ ಡಿಸೈನ್ ಹಾಳಾಗಲ್ವೇನ್ರೀ?" ಎಂದು ನಕ್ಕರು. ನಕ್ಕರು! ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಅವರು ಹೋದ ಮೇಲೆ ರಮ್ಯಶ್ರೀ ಬಿಂದಿಗೆ ನೀರು ತಂದು ಅಷ್ಟನ್ನೂ ತೊಳೆದಳು. "ನಾವು ಗುಂಡಿಗೆ ಸಿಂಗಾರ ಮಾಡಿದ್ವಿ ಕಣ್ರೀ."

ಸಂಪತ್ ರಂಗೋಲಿ ಪುಡಿಯ ಡಬ್ಬ ಒದ್ದ. "ಇನ್ಮೇಲೆ ನಾನು ಚುಕ್ಕಿ ಇಡಲ್ಲ."

"ನೀವಷ್ಟೇ ಅಲ್ಲ, ಬೀದೀಲಿ ಯಾರೂ ಇಡೋದು ಬೇಡ. ಸಾವಾದ ಮನೆ ಮುಂದೆ ರಂಗೋಲಿ ಹಾಕ್ತೀವಾ?"

ಇಬ್ಬರೂ ಮನೆ ಮನೆಗೆ ಹೋದರು. ಹಬ್ಬದ ದಿನ ಹೊಸಿಲು ಬೋಳಾಗಿಡಿ ಎಂದರೆ ಯಾರು ಒಪ್ಪುತ್ತಾರೆ? ಅತ್ತೆಯರು ಅಪಶಕುನ ಎಂದು ಬೈದು ಕಳಿಸಿದರು. ಕೊನೆಗೆ ಬೋರಮ್ಮ ಬ್ಯಾಂಡೇಜಿನ ಕಾಲು ಎಳೆದುಕೊಂಡು ಅವರ ಜೊತೆ ಹೊರಟರು. ಆ ಕಾಲು ನೋಡಿದ ಮೇಲೆ ಅತ್ತೆಯರೂ ಒಪ್ಪಿದರು.

ಗೌರಿ ಹಬ್ಬದ ಬೆಳಿಗ್ಗೆ ಬೀದಿಯ ಈ ತುದಿಯಿಂದ ಆ ತುದಿಗೆ ಒಂದು ಚುಕ್ಕಿಯಿಲ್ಲ. ಹಾರ, ಶಾಲು, ದೊಡ್ಡವರ ಸಮೇತ ಕಾರಿನಿಂದ ಇಳಿದ ಸುಧೀಂದ್ರ ಅವರ ಮುಖ ಇಳಿದುಹೋಯಿತು. ಜಗುಲಿಯ ಮೇಲಿದ್ದ ಬೋರಮ್ಮನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಯಾರಮ್ಮ ತೀರ್ಕೊಂಡಿದ್ದು?"

"ನೀವೇ ಕಣ್ ಸ್ವಾಮಿ," ಎಂದರು ಬೋರಮ್ಮ, ಎಲ್ಲರಿಗೂ ಕೇಳುವ ಹಾಗೆ. "ನಾನು ಗುಂಡೀಗ್ ಬಿದ್ದ ದಿನಾನೇ ನಮ್ ಪಾಲಿಗೆ ಹೋಗ್ಬುಟ್ರಿ. ಚಪ್ಪಡಿ ಹಾಕ್ಸಿ, ಎದ್ ಬಂದ್ರಿ ಅಂತ ನಾವೇ ರಂಗೋಲಿ ಹಾಕ್ತೀವಿ."