ಕಂಬದ ಆಚೆಯ ಮಂಚಗಳು

ಸರ್ಕಾರಿ ಆಸ್ಪತ್ರೆಯ ಗಂಡಸರ ಸರ್ಜರಿ ವಾರ್ಡಿನಲ್ಲಿ ಮಂಚಗಳಿಗೇನೂ ಬರವಿರಲಿಲ್ಲ. ಉದ್ದನೆಯ ಹಾಲಿನಲ್ಲಿ ಇಪ್ಪತ್ತು ಮಂಚ, ನಡುವೆ ಸುಣ್ಣ ಬಳಿದ ಒಂದು ದಪ್ಪ ಕಂಬ. ಕಂಬದ ಈಚೆಗಿನ ಹನ್ನೆರಡು ಮಂಚಗಳಲ್ಲಿ ರೋಗಿಗಳು ಮಲಗುತ್ತಿದ್ದರು. ಆಚೆಗಿನ ಎಂಟರಲ್ಲಿ ಹಾಸಿಗೆಯನ್ನು ಎರಡಾಗಿ ಮಡಚಿ, ಮೇಲೊಂದು ದಿಂಬು ಇಟ್ಟಿರುತ್ತಿದ್ದರು. ಹಾಸಿಗೆ ಮಡಚಿದೆ ಎಂದರೆ ಆ ಮಂಚಕ್ಕೆ ನರ್ಸ್ ಇಲ್ಲ ಎಂದು ಅರ್ಥ. ಇದನ್ನು ಯಾವ ಸುತ್ತೋಲೆಯೂ ಹೇಳಿರಲಿಲ್ಲ. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ತಾನೇ ಮಾಡಿಕೊಂಡ ಪದ್ಧತಿ ಅದು. ವರ್ಷಗಳಿಂದ ನಡೆದುಬಂದದ್ದರಿಂದ ರಾತ್ರಿ ಪಾಳಿಯವರು, ಕಸ ಗುಡಿಸುವವರು, ಊಟದ ಗಾಡಿ ತಳ್ಳುವವನು ಎಲ್ಲರೂ ಕಂಬದ ಹತ್ತಿರ ಬಂದು ತಿರುಗಿ ಹೋಗುತ್ತಿದ್ದರು.

ಅವಳನ್ನು ರೋಗಿಗಳು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಆಳೇನೂ ದೊಡ್ಡದಲ್ಲ, ಸಲೈನ್ ಬಾಟಲಿ ತೂಗುಹಾಕಲು ತುದಿಗಾಲಲ್ಲಿ ನಿಲ್ಲಬೇಕು. ದೊಡ್ಡದು ಅವಳ ದನಿ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಬಂದಷ್ಟೇ ಬೇಗ ಇಳಿಯುತ್ತಿತ್ತು. ಅಪ್ಪ ತೀರಿಕೊಂಡಾಗ ಅವಳಿನ್ನೂ ಲಂಗ ಹಾಕುವ ಹುಡುಗಿ. ಅಣ್ಣ ಶಾಲೆ ಬಿಟ್ಟು ಕತ್ತರಿ ಹಿಡಿದ, ಸಂತೆಬೀದಿಯಲ್ಲಿ ಕಟಿಂಗ್ ಅಂಗಡಿ ಹಾಕಿದ, ತಂಗಿಯನ್ನು ನರ್ಸಿಂಗ್ ಓದಿಸಿದ. "ಊರವರ ತಲೆಯೆಲ್ಲ ಬೋಳಿಸಿ ನನ್ನ ಓದಿಸಿದಾನೆ" ಎಂದು ಅವಳು ಎಲ್ಲರೆದುರು ನಗಾಡುತ್ತಿದ್ದಳು. ಒಬ್ಬಳೇ ಇರುವಾಗ ಅದೇ ಮಾತು ನೆನೆದರೆ ಕಣ್ಣು ತುಂಬಿಕೊಳ್ಳುತ್ತಿತ್ತು.

ಈಗ ಆ ಅಣ್ಣನ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ನೋವು ಬಂದರೆ ಅರ್ಧ ಗಡ್ಡ ಕೆರೆದ ಗಿರಾಕಿಯನ್ನು ಹಾಗೇ ಕೂರಿಸಿ, ಅಂಗಡಿಯ ನೆಲದ ಮೇಲೆ ಮುದುಡಿ ಮಲಗುತ್ತಿದ್ದ. ಎರಡು ಸಲ ಆಪರೇಷನ್‌ಗೆ ತಾರೀಖು ಕೊಟ್ಟು, ವಾರ್ಡಿನಲ್ಲಿ ಜಾಗವಿಲ್ಲವೆಂದು ಎರಡೂ ಸಲ ವಾಪಸ್ ಕಳಿಸಿದ್ದರು. ಜಾಗವಿಲ್ಲವೆಂದು ಹೇಳಿದವಳು ತಂಗಿಯೇ. ಇನ್ನೊಂದು ಸಲ ನೋವು ಬಂದು ಕೀವಾದರೆ ಕಷ್ಟ ಎಂದು ಡಾಕ್ಟರು ಹೇಳಿದ ಮೇಲೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅಣ್ಣ ಮಾತ್ರ ತಮಾಷೆ ಬಿಟ್ಟಿರಲಿಲ್ಲ. ಅವನ ಸಹಾಯಕ ಕೆಲಸ ಬಿಟ್ಟು ಹೋದಂದಿನಿಂದ ಅಂಗಡಿಯ ಎರಡನೇ ಕುರ್ಚಿಯನ್ನು ಗೋಡೆ ಕಡೆಗೆ ತಿರುಗಿಸಿಟ್ಟಿದ್ದ. "ನೀನು ಹಾಸಿಗೆ ಮಡಚು, ನಾನು ಕುರ್ಚಿ ತಿರುಗಿಸ್ತೀನಿ. ಅಪ್ಪನ ಮಕ್ಕಳಿಬ್ರೂ ಒಂದೇ ಕಸುಬು ಕಲಿತ್ವಿ ನೋಡು" ಎನ್ನುತ್ತಿದ್ದ.

ಹೀಗಿರುವಾಗ ಇಲಾಖೆಯಿಂದ ಆದೇಶ ಬಂತು: ಕಾಯುವವರ ಪಟ್ಟಿ ಈ ತಿಂಗಳಲ್ಲೇ ಅರ್ಧಕ್ಕೆ ಇಳಿಯಬೇಕು, ಯಾವ ಮಂಚವೂ ಖಾಲಿ ಇರಕೂಡದು. ಫ್ಯಾನಿನ ಕೆಳಗೆ ಕೂತು ಯೋಚಿಸಿದವರಿಗೆ ಇದು ಸರಿಯಾಗಿಯೇ ಕಂಡಿರಬೇಕು. ಮಂಚ ಖಾಲಿ, ರೋಗಿ ಹೊರಗೆ, ಎತ್ತಿ ಮಲಗಿಸಿದರೆ ಮುಗಿಯಿತು! ನರ್ಸ್ ಹುದ್ದೆಗಳು ಎಷ್ಟು ವರ್ಷದಿಂದ ಖಾಲಿ ಇವೆ ಎಂಬುದರ ಬಗ್ಗೆ ಆದೇಶ ಬಾಯಿ ಬಿಟ್ಟಿರಲಿಲ್ಲ.

ಆಸ್ಪತ್ರೆಯ ಅಧೀಕ್ಷಕರು ಅವಳನ್ನು ಕೋಣೆಗೆ ಕರೆಸಿದರು. ಅವರೇನೂ ಕೆಟ್ಟವರಲ್ಲ. ಪಾಪ, ಮೇಲಿನವರ ಫೋನ್ ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುವ ಜಾತಿಯವರು.

"ಮಂಚ ಬಿದ್ದಿರೋವಾಗ ಜನ ಯಾಕೆ ಕಾಯ್ಬೇಕು ಅಂತ ಕೇಳ್ತಾರಮ್ಮ. ಏನು ಹೇಳ್ಲಿ?"

"ಮಂಚ ರೋಗೀನ ನೋಡ್ಕೊಳಲ್ಲ ಅಂತ ಹೇಳಿ ಸರ್."

"ಹೇಳ್ದೆ. ನರ್ಸ್ ಫೈಲು ಹಣಕಾಸಿನವರ ಹತ್ರ ಇದೆ, ಮೊದ್ಲು ಮಂಚ ತುಂಬ್ಸಿ ಅಂದ್ರು." ಅವರು ಕನ್ನಡಕ ತೆಗೆದು ಒರೆಸಿದರು. "ಗುರುವಾರ ಅಧಿಕಾರಿ ನೋಡೋಕೆ ಬರ್ತಾರೆ. ಬುಧವಾರದಿಂದ್ಲೇ ತೆರೆಯೋಣ. ಪಟ್ಟಿ ಮುಂದಕ್ಕೋಡತ್ತೆ. ನಿಮ್ಮಣ್ಣಂದೂ ಅದ್ರಲ್ಲಿದೆ ಅಲ್ವಾ?"

ಅವಳ ನಾಲಿಗೆಯ ಮೇಲೆ ಒಂದು ಖಾರದ ಉತ್ತರ ತಯಾರಾಗಿತ್ತು. ಅದು ಅಲ್ಲೇ ಉಳಿಯಿತು. ಮರುದಿನ ಬೆಳಗ್ಗೆ ಎಂಟೂ ಹಾಸಿಗೆಗಳನ್ನು ಅವಳೇ ಬಿಚ್ಚಿ, ಕೊಡವಿ, ಹೊಸ ಬೆಡ್‌ಶೀಟ್ ಹಾಸಿದಳು. ಅಣ್ಣನಿಗೆಂದು ಕಿಟಕಿ ಪಕ್ಕದ ಕೊನೆಯ ಮಂಚವನ್ನು ಆರಿಸಿದಳು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತಿತ್ತು.

ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವನು ಒಬ್ಬ ಬಸ್ ಕಂಡಕ್ಟರ್. ಹರ್ನಿಯಾ ಆಗಿ, ಟಿಕೆಟ್ ಹರಿಯಲು ನಿಂತರೆ ಪ್ರಾಣ ಹೋಗುವಷ್ಟು ನೋವು ಅವನಿಗೆ. ವಾರಕ್ಕೊಮ್ಮೆ ಬಂದು ತನ್ನ ಸರದಿ ಕೇಳುತ್ತಿದ್ದ.

"ಅಬ್ಬ, ಕೊನೆಗೂ ಬಿಚ್ಚಿದ್ರಲ್ಲ ಸಿಸ್ಟರ್! ಸೀಟ್ ಖಾಲಿ ಇಟ್ಕೊಂಡು ಹತ್ತಬೇಡಿ ಅಂತ ನಾನು ಅಂದಿದ್ರೆ ಪ್ಯಾಸೆಂಜರ್‌ಗಳು ನನ್ನೇ ಇಳಿಸಿ ಬಾರಿಸ್ತಿದ್ರು."

"ಹೋಗ್ರೀ ಸಾಕು. ಗುರುವಾರ ಬೆಳಗ್ಗೆ ಬ್ಯಾಗ್ ತಗೊಂಡು ಬನ್ನಿ. ಖಾಲಿ ಹೊಟ್ಟೇಲಿ ಬನ್ನಿ, ಗೊತ್ತಾಯ್ತಾ?"

ಅವನ ಮುಖ ಅರಳಿದ್ದನ್ನು ನೋಡಿ ಅವಳಿಗೂ ಹಿತವೆನಿಸಿತು. ತಪ್ಪೇನು ಮಾಡುತ್ತಿದ್ದೇನೆ, ಒಳ್ಳೆಯದೇ ಆಗುತ್ತಿದೆಯಲ್ಲ ಎಂದುಕೊಂಡಳು.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಕಂಬದ ಆಚೆ ಮೂವರು ಬಂದು ಮಲಗಿದರು, ಅವರಲ್ಲಿ ಅಣ್ಣನೂ ಒಬ್ಬ. ಥಿಯೇಟರಿನಿಂದ ಸ್ಟ್ರೆಚರ್ ಬಂದಾಗ ಅವಳೇ ನಿಂತು ಇಳಿಸಿಕೊಂಡಳು. ನಾಡಿ ನೋಡಿದಳು, ಬಿಪಿ ನೋಡಿದಳು, ಹೊಟ್ಟೆಯಿಂದ ಹೊರಟ ಕೊಳವೆಯನ್ನು ಮಂಚದ ಕೆಳಗಿನ ಬಾಟಲಿಗೆ ಸೇರಿಸಿದಳು. ಎಲ್ಲವೂ ಸರಿಯಾಗಿತ್ತು. ಅಣ್ಣ ಅರೆಮಂಪರಿನಲ್ಲೇ, "ಕಲ್ಲು ಕೊಟ್ರಾ? ಕತ್ತಿ ಮಸೆಯೋಕೆ ಆಗ್ತಿತ್ತು" ಎಂದ. ಅವಳು ಅವನ ಹಣೆ ತಟ್ಟಿ ಹೊರಟಳು. ಅಣ್ಣನ ಪಕ್ಕದಲ್ಲೇ ಕೂತಿದ್ದಾಳೆ ಎಂದು ಯಾರೂ ಆಡಿಕೊಳ್ಳಬಾರದು ಎಂದು ಬೆಳಗ್ಗೆಯೇ ನಿರ್ಧರಿಸಿದ್ದಳು. ಎಲ್ಲರಂತೆ ಅವನನ್ನೂ ಅರ್ಧ ಗಂಟೆಗೊಮ್ಮೆ ಸುತ್ತಿನಲ್ಲಿ ನೋಡಿದರಾಯಿತು.

ಪಾಳಿಯಲ್ಲಿದ್ದವರು ಅವಳು ಮತ್ತು ಇನ್ನೊಬ್ಬ ನರ್ಸ್, ಇಬ್ಬರೇ. ಆಮೇಲೆ ವಾರ್ಡು ಕೈಮೀರಿತು. ಒಬ್ಬ ಮುದುಕ ಮೂಗಿನ ನಳಿಕೆ ಕಿತ್ತುಕೊಂಡು ಮಂಚದಿಂದ ಇಳಿಯತೊಡಗಿದ. ಇನ್ನೊಬ್ಬನಿಗೆ ವಾಂತಿ ನಿಲ್ಲಲಿಲ್ಲ. ಎರಡು ಸಲೈನ್ ಒಟ್ಟಿಗೇ ಮುಗಿದವು. ಮೊದಲ ಸುತ್ತನ್ನು ಆ ನರ್ಸ್ ಓಡೋಡುತ್ತ ಮುಗಿಸಿದಳು. ಮುಂದಿನದನ್ನು ದೊಡ್ಡ ಸಿಸ್ಟರ್ ತಾನೇ ಹಿಡಿದಳು. ಒಂದೊಂದೇ ಮಂಚ, ನಾಡಿ, ಬಿಪಿ, ಗಾಯ, ಬಾಟಲಿ. ಕಂಬದ ಹತ್ತಿರ ಬಂದಳು. ಆಗ ಯಾರೋ ಹಿಂದಿನಿಂದ "ಸಿಸ್ಟರ್" ಎಂದರು. ಕೂಗದಿದ್ದರೂ ಅಲ್ಲೇ ತಿರುಗುತ್ತಿದ್ದಳೋ ಏನೋ. ಹನ್ನೊಂದು ವರ್ಷ ಅಲ್ಲೇ ತಿರುಗಿದ ಕಾಲು, ಅಂದೂ ಅಲ್ಲೇ ತಿರುಗಿತು. ಸುತ್ತು ಮುಗಿಯಿತು ಎಂದುಕೊಂಡಳು. ಮೊದಲ ಸುತ್ತಿನಲ್ಲಿ ಆ ನರ್ಸ್ ಕೂಡ ಅಲ್ಲೇ ತಿರುಗಿದ್ದಳು. ಇಬ್ಬರಲ್ಲಿ ಯಾರೂ ಕಂಬದ ಆಚೆ ಹೋಗಿರಲಿಲ್ಲ, ಇಬ್ಬರಿಗೂ ಅದು ತಿಳಿದಿರಲಿಲ್ಲ.

ರೋಗಿಗಳನ್ನು ನೋಡಲು ಬರುವವರನ್ನು ಒಳಗೆ ಬಿಡುವ ಹೊತ್ತಾಯಿತು. ಅತ್ತಿಗೆ ಒಳಗೆ ಬಂದು, ನಾದಿನಿಯತ್ತ ಕೈಬೀಸಿ, ನೇರ ಕಿಟಕಿಯ ಕಡೆ ನಡೆದಳು. ಸ್ವಲ್ಪ ಹೊತ್ತಿಗೇ ತಿರುಗಿ ಬಂದಳು.

"ನೋಡೇ, ಇವ್ರ ಕೈ ಯಾಕೋ ತಣ್ಣಗಿದೆ. ಬೆವರ್ತಿದಾರೆ. ಕರೆದ್ರೆ ಹೂಂ ಅಂತಾರೆ ಅಷ್ಟೇ."

ಕೈಯಲ್ಲಿದ್ದ ಟ್ರೇಯನ್ನು ಎಲ್ಲಿಟ್ಟಳೋ ಅವಳಿಗೇ ಗೊತ್ತಿಲ್ಲ. ಓಡಿದಳು. ಅಣ್ಣನ ತುಟಿ ಬಿಳುಚಿತ್ತು. ನಾಡಿ ಬೆರಳಿಗೆ ಸಿಕ್ಕಿತೆನ್ನುವಷ್ಟರಲ್ಲಿ ಜಾರುತ್ತಿತ್ತು. ಬಗ್ಗಿ ನೋಡಿದರೆ ಮಂಚದ ಕೆಳಗಿನ ಬಾಟಲಿ ರಕ್ತದಿಂದ ತುಂಬಿತ್ತು.

"ಅಣ್ಣಾ! ಯಾಕೋ ಕೂಗ್ಲಿಲ್ಲ?"

"ನಿಂಗೆ... ಕೆಲ್ಸ ಜಾಸ್ತಿ ಇತ್ತಲ್ಲ," ಎಂದ ಅಣ್ಣ. "ಬರ್ತಾಳೆ ಬಿಡು ಅಂದ್ಕೊಂಡೆ."

ಪಕ್ಕದ ಮಂಚದವನು ಎರಡು ಸಲ ಕೂಗಲು ಹೋಗಿದ್ದನಂತೆ. ನನ್ನ ತಂಗೀನೇ ಇಲ್ಲಿ ಇನ್‌ಚಾರ್ಜು, ಸುಮ್ಮನೆ ಗಲಾಟೆ ಮಾಡಿ ಅವಳ ಮರ್ಯಾದೆ ತೆಗೀಬೇಡ ಎಂದು ಅಣ್ಣನೇ ಅವನನ್ನು ತಡೆದಿದ್ದ.

ಮುಂದಿನದನ್ನೆಲ್ಲ ಅವಳ ಕೈ ಮಾಡಿತು, ಅವಳಲ್ಲ. ಕಾಲಿನ ಕಡೆ ಮಂಚ ಎತ್ತಿಸಿದಳು, ಇನ್ನೊಂದು ಸಲೈನ್ ಏರಿಸಿದಳು, ರಕ್ತಕ್ಕೆ ಆಳು ಓಡಿಸಿದಳು, ಆ ದೊಡ್ಡ ದನಿಯಲ್ಲಿ ಸರ್ಜನ್‌ರನ್ನು ಕೂಗಿ ಕರೆದಳು. ಸ್ಟ್ರೆಚರ್ ಥಿಯೇಟರಿನ ಬಾಗಿಲು ದಾಟಿದ ಮೇಲೆ ಕೈಗೆ ಕೆಲಸ ಇಲ್ಲವಾಯಿತು. ಬೆಂಚಿನ ಮೇಲೆ ಅತ್ತಿಗೆ ಕೂತಿದ್ದಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಒಳಗೆ ನೀನಿದೀಯ ಅಂತ ನಾನು ನಿಶ್ಚಿಂತೆಯಾಗಿ ಹೊರಗೆ ಕೂತಿದ್ದೆ ಕಣೇ," ಎಂದಳು ಅತ್ತಿಗೆ.

ಅವಳು ಅತ್ತಿಗೆಯ ಕಾಲ ಬಳಿ ನೆಲದ ಮೇಲೆ ಕೂತಳು. ಥಿಯೇಟರಿನ ದೀಪ ಆರುವವರೆಗೆ ಇಬ್ಬರೂ ಅಲ್ಲಿಂದ ಏಳಲಿಲ್ಲ. ಒಳಗೆ ಕಟ್ಟಿದ್ದ ಒಂದು ರಕ್ತನಾಳದ ಗಂಟು ಜಾರಿತ್ತಂತೆ. ಮತ್ತೆ ಕಟ್ಟಿದರು, ರಕ್ತ ಕೊಟ್ಟರು, ತೀವ್ರ ನಿಗಾ ಘಟಕಕ್ಕೆ ಒಯ್ದರು. "ಇನ್ನೊಂದು ಅರ್ಧ ಗಂಟೆ ತಡವಾಗಿದ್ರೆ ನಮ್ಮ ಕೈಲಿ ಏನೂ ಇರ್ತಿರ್ಲಿಲ್ಲ," ಎಂದು ಸರ್ಜನ್ ಹೇಳಿ ಹೋದರು. ಅಂದರೆ ಇನ್ನೊಂದೇ ಒಂದು ಸುತ್ತು. ಆ ಸುತ್ತಿನಲ್ಲೂ ಕಂಬದ ಹತ್ತಿರ ತಾನು ತಿರುಗಿಬಿಡುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ಗುರುವಾರ ಬೆಳಗ್ಗೆ ಕಂಬದ ಈಚೆಗಿನ ಇಬ್ಬರು ಮನೆಗೆ ಹೋದರು. ಆಚೆ ಉಳಿದಿದ್ದ ಇಬ್ಬರನ್ನು ಆ ಮಂಚಗಳಿಗೆ ಸಾಗಿಸಿದಳು. ಆಮೇಲೆ ಕಂಬದಿಂದ ಶುರುಮಾಡಿ ಹಾಸಿಗೆ ಮಡಚತೊಡಗಿದಳು. ಅರ್ಧ ಮುಗಿಯುವಷ್ಟರಲ್ಲಿ ಅಧೀಕ್ಷಕರು ಏದುಸಿರು ಬಿಡುತ್ತ ಬಂದರು.

"ಏನಮ್ಮ ಇದು! ಅಧಿಕಾರಿ ಗೇಟ್ ಹತ್ರ ಬಂದಿದಾರೆ. ಇವತ್ತೊಂದು ದಿನ ಬಿಚ್ಚಿಡಿ, ನಿಮಗೆ ಕೈಮುಗೀತೀನಿ."

"ನಿನ್ನೆ ಒಂದು ದಿನ ಬಿಚ್ಚಿದ್ದೆ ಸರ್."

"ಮೇಲಿಂದ ನೋಟಿಸ್ ಬರತ್ತೆ. ನಿಮಗೆ ಬರತ್ತೆ, ನನಗಲ್ಲ."

"ಬರ್ಲಿ. ನರ್ಸ್ ಕೊಡಿ, ಎಂಟಲ್ಲ ಹದಿನೆಂಟು ಬಿಚ್ತೀನಿ. ಅಲ್ಲೀವರೆಗೆ ಈ ಹಾಸಿಗೆ ಮುಟ್ಟೋರು ಮೊದ್ಲು ಇಲ್ಲಿ ನಿಂತು ರಾತ್ರಿ ಪಾಳಿ ಮಾಡ್ಲಿ."

ಅವರು ಅವಳ ಮುಖ ನೋಡಿದರು. ಇಡೀ ರಾತ್ರಿ ಅತ್ತ ಮುಖ ಅದು. ಏನೋ ಹೇಳಲು ಬಾಯಿ ತೆರೆದವರು, ಫೋನ್ ಹೊಡೆದುಕೊಳ್ಳುತ್ತಲೇ ಅದನ್ನು ಕಿವಿಗಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, "ಬಂದೆ ಸರ್, ಬಂದೆ" ಎನ್ನುತ್ತ ಹೊರಟುಹೋದರು.

ಕೊನೆಗೆ ಉಳಿದದ್ದು ಕಿಟಕಿ ಪಕ್ಕದ ಮಂಚ. ಅಣ್ಣನ ತಲೆ ಒತ್ತಿದ ಗುಳಿ ದಿಂಬಿನಲ್ಲಿ ಇನ್ನೂ ಇತ್ತು. ಅದನ್ನು ತಟ್ಟಿ ಸರಿಮಾಡಿ, ಹಾಸಿಗೆಯ ತುದಿ ಹಿಡಿದು ಎತ್ತುವಾಗ ಯಾರೋ ನೋಡುತ್ತಿದ್ದಾರೆ ಎನಿಸಿತು. ವಾರ್ಡಿನ ಬಾಗಿಲಲ್ಲಿ ಕಂಡಕ್ಟರ್ ನಿಂತಿದ್ದ. ಕೈಯಲ್ಲಿ ಬ್ಯಾಗು, ಹೆಗಲ ಮೇಲೆ ಟವೆಲ್ಲು. ಹೇಳಿದ ಹಾಗೆ ಖಾಲಿ ಹೊಟ್ಟೆಯಲ್ಲಿ ಬಂದಿದ್ದ.

ಅವನು ಒಂದೊಂದೇ ಮಂಚ ನೋಡಿಕೊಂಡು ಕಂಬ ದಾಟಿ ಒಳಗೆ ಬಂದ. ತಮಾಷೆ ಮಾಡಲಿಲ್ಲ.

"ನಂದು ಯಾವ್ದು ಸಿಸ್ಟರ್?"

"ಇವತ್ತಾಗಲ್ಲ ಕಣ್ರೀ."

"ಮತ್ತೆ ಯಾವಾಗ?"

"ಗೊತ್ತಿಲ್ಲ."

ಅವನು ಬ್ಯಾಗನ್ನು ಕೆಳಗಿಟ್ಟು, ನೋವಿಗೆ ಒಂದು ಕೈಯಲ್ಲಿ ಸೊಂಟದ ಕೆಳಗೆ ಒತ್ತಿಹಿಡಿದುಕೊಂಡ. ಅವಳ ಕೈಯಲ್ಲಿದ್ದ ಹಾಸಿಗೆಯನ್ನೇ ನೋಡುತ್ತಿದ್ದ.

"ಗೇಟಿನವನು ಹೇಳ್ದ, ನಿಮ್ಮಣ್ಣಂದು ಆಯ್ತಂತಲ್ಲ ನಿನ್ನೆ?"

ಅಣ್ಣ ಸತ್ತು ಬದುಕಿದ ಎಂದು ಹೇಳಬಹುದಿತ್ತು. ನಿಮ್ಮನ್ನು ಉಳಿಸೋಕೇ ಮಡಚುತ್ತಿದ್ದೇನೆ ಎನ್ನಬಹುದಿತ್ತು. ಎರಡೂ ನಿಜವೇ. ಆದರೆ ಹಾಸಿಗೆ ಬಿಚ್ಚಿದ ದಿನ ಅವಳ ಮನಸ್ಸಿನಲ್ಲಿದ್ದವನು ಈ ಮನುಷ್ಯನಲ್ಲ, ಅದೂ ನಿಜವೇ.

"ಹೌದು," ಎಂದಳು. "ಆಯ್ತು."

ಕಂಡಕ್ಟರ್ ತಲೆಯಾಡಿಸಿ ಬ್ಯಾಗ್ ಎತ್ತಿಕೊಂಡ. ಮನೆಗೆ ಹೋಗಲಿಲ್ಲ. ಬಾಗಿಲ ಹೊರಗಿನ ಬೆಂಚಿನ ಮೇಲೆ, ವಾರ್ಡು ಪೂರ್ತಿ ಕಾಣುವ ಹಾಗೆ ಕೂತ. ಅವಳು ಹಾಸಿಗೆ ಮಡಚಿ, ಮೇಲೆ ದಿಂಬಿಟ್ಟು, ಸುತ್ತಿಗೆ ಹೊರಟಳು. ಹನ್ನೆರಡೂ ಮಂಚ ನೋಡಿ ಮುಗಿದ ಮೇಲೆ ಕಂಬದ ಹತ್ತಿರ ನಿಲ್ಲಲಿಲ್ಲ. ಯಾರೂ ಇಲ್ಲದ ಎಂಟು ಮಂಚಗಳ ನಡುವೆ ಕಿಟಕಿಯವರೆಗೂ ನಡೆದುಹೋದಳು, ಅಲ್ಲಿಂದ ತಿರುಗಿದಳು. ತಿರುಗಿದಾಗ ಎದುರಿಗೆ ಬಾಗಿಲು, ಬಾಗಿಲಾಚೆ ಬೆಂಚು, ಬೆಂಚಿನ ಮೇಲೆ ಅವನು. ಮುಂದಿನ ಸುತ್ತಿಗೆ ಇನ್ನೂ ಅರ್ಧ ಗಂಟೆ ಇತ್ತು.