ಹದಿಮೂರಕ್ಕೆ ಭಾಗವಾಗದ ನೂರಾ ಎಂಟು

ಕಳೆದ ಶುಕ್ರವಾರ ನಾನು ಒಬ್ಬ ಹೆಂಗಸನ್ನು ಪಾರಾಯಣದ ಸಾಲಿನಿಂದ ಎಬ್ಬಿಸಿದೆ. ತಪ್ಪನ್ನು ಹದಿಮೂರು ಅನ್ನುವ ಸಂಖ್ಯೆಯ ತಲೆಗೆ ಕಟ್ಟಿದೆ.

ಪದ್ಮನಾಭನಗರದ ನಮ್ಮ ಮನೆಯಲ್ಲಿ ಶುಕ್ರವಾರ ಬೆಳಗ್ಗೆ ದೇವಿಯ ಸ್ತೋತ್ರ ಓದುತ್ತೇವೆ. ಒಟ್ಟು ನೂರಾ ಎಂಟು ಸಲ ಆಗಬೇಕು. ಒಬ್ಬರೇ ಅಷ್ಟನ್ನೂ ಓದುತ್ತಾ ಕೂತರೆ ಮಧ್ಯಾಹ್ನದ ಅಡುಗೆ ಮಾಡುವವರು ಯಾರು? ಹಾಗಾಗಿ ಹಂಚಿಕೊಳ್ಳುತ್ತೇವೆ. ಹನ್ನೆರಡು ಜನ ಒಟ್ಟಿಗೆ ಒಂಬತ್ತು ಸಲ ಓದಿದರೆ ನೂರಾ ಎಂಟು. ಒಂಬತ್ತೇ ಜನ ಬಂದರೆ ಹನ್ನೆರಡು ಸಲ. ಒಮ್ಮೆ ಆರೇ ಜನ ಸೇರಿ ಹದಿನೆಂಟು ಸಲ ಓದಿದ್ದೂ ಇದೆ. (ಗಂಟಲು ಕೂತುಹೋಗಿತ್ತು. ಆರು ಜನರನ್ನಾದರೂ ಕಳಿಸಿದ್ದು ದೇವಿಯ ಕೃಪೆ.)

ಆವತ್ತು ಹನ್ನೆರಡು ಮಣೆಯೂ ತುಂಬಿತ್ತು. ಅಷ್ಟರಲ್ಲಿ ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿರುವ, ಬ್ಲೌಸ್ ಹೊಲಿಯುವ ಮಂಜುಳಾ ಪುಸ್ತಕ ಹಿಡಿದು ಬಂದರು.

"ಅಕ್ಕ, ಸೋಮವಾರ ನಮ್ಮನೆಯವ್ರಿಗೆ ಹಾರ್ಟ್ ಆಪರೇಷನ್. ನಾನೂ ಓದ್ಲಾ?" ಅಂತ ಕೇಳಿ, ಕೊನೆಯಲ್ಲಿ ಬರೀ ನೆಲದ ಮೇಲೆ ಕೂತರು.

"ನೂರಾ ಎಂಟು ಹದಿಮೂರಕ್ಕೆ ಭಾಗ ಆಗಲ್ಲಮ್ಮ," ಅಂದೆ. "ನೀವು ಒಳಗೆ ಕೋಸಂಬರಿಗೆ ಸೌತೆಕಾಯಿ ಹೆಚ್ಚಿಕೊಡಿ. ಅದೂ ಸೇವೆನೇ."

"ಹೌದಾ ಅಕ್ಕ," ಅಂದು ಎದ್ದರು. ಸೌತೆಕಾಯಿ ಹೆಚ್ಚಿದರು. ಪ್ರಸಾದ ಕಣ್ಣಿಗೊತ್ತಿಕೊಂಡು ಹೋದರು.

ಭಾನುವಾರ ಆರನೇ ಕ್ಲಾಸಿನ ನನ್ನ ಮಗಳು ಫ್ಯಾಕ್ಟರ್ಸ್ ಟೆಸ್ಟಿಗೆ ಓದುತ್ತಿದ್ದಳು. ನೂರಾ ಎಂಟರ ಅಪವರ್ತನಗಳನ್ನು ಪುಸ್ತಕ ನೋಡದೆ ಹೇಳಿದೆ. ಎರಡು, ಮೂರು, ನಾಲ್ಕು, ಆರು, ಒಂಬತ್ತು, ಹನ್ನೆರಡು, ಹದಿನೆಂಟು...

"ಸಖತ್ ಅಮ್ಮ. ಹದಿಮೂರು?"

"ಅದು ಆಗಲ್ಲ. ಮಂಜುಳಾ ಆಂಟಿಗೂ ಅದನ್ನೇ ಹೇಳಿ ಎಬ್ಬಿಸ್ದೆ."

"ಅದು ಪ್ರೈಮ್ ಅಮ್ಮ. ಎರಡ್ರಿಂದ ಭಾಗ ಆಗಲ್ಲ, ಮೂರ್ರಿಂದ ಆಗಲ್ಲ. ನಾಲ್ಕ್ ನಾಲ್ಕಲಿ ಹದಿನಾರು, ಹದಿಮೂರನ್ನೇ ದಾಟೋಯ್ತು. ಮುಂದೆ ನೋಡೋದೇ ಬೇಡ." ಪೆನ್ಸಿಲ್ ನಿಂತಿತು. "ಹನ್ನೊಂದೂ ಪ್ರೈಮೇ ಅಲ್ವಾ? ಹೋದ ತಿಂಗಳು ಹನ್ನೊಂದು ಜನ ಬಂದಿದ್ರಲ್ಲ, ಆವತ್ತು ಯಾರನ್ನ ಎಬ್ಬಿಸ್ದೆ?"

ಯಾರನ್ನೂ ಇಲ್ಲ. ಹನ್ನೊಂದು ಜನ ಹತ್ತು ಸಲ ಓದಿ ನೂರಾ ಹತ್ತು ಮಾಡಿದ್ದೆವು. "ಎರಡು ಜಾಸ್ತಿ ಆದ್ರೆ ದೇವಿ ಬೇಡ ಅಂತಾಳಾ?" ಅಂದವಳೂ ನಾನೇ.

ಮಗಳು ಪಾಠಕ್ಕೆ ಮರಳಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ನಿಜ ಇಷ್ಟು. ಮಂಜುಳಾ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತಾರೆ. ಅವರು ಸೇರಿದರೆ ನಮ್ಮ ಓಟ ನಿಲ್ಲುತ್ತದೆ, ಊಟ ತಡವಾಗುತ್ತದೆ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ ಗಣಿತವನ್ನು ಮುಂದೆ ಮಾಡಿದೆ. ಕಾರಿನಲ್ಲಿ ಸೀಟಿಲ್ಲ, ಪಂಕ್ತಿಯಲ್ಲಿ ಎಲೆ ಸಾಲದು ಅನ್ನುತ್ತೇವಲ್ಲ, ಅದೂ ಇದೇ ಜಾತಿಯ ಲೆಕ್ಕ. ಬೇಕಾದವರು ಬಂದರೆ ಸೀಟೂ ಆಗುತ್ತದೆ, ಎಲೆಯೂ ಸಿಗುತ್ತದೆ, ಇಲ್ಲವೇ?

ಸಂಜೆ ಎದುರು ಮನೆಯ ಮೆಟ್ಟಿಲು ಹತ್ತಿದೆ. ಮಂಜುಳಾ ಆಸ್ಪತ್ರೆಗೆ ಬ್ಯಾಗ್ ತುಂಬುತ್ತಿದ್ದರು.

"ಆವತ್ತು ಲೆಕ್ಕ ನೆಪ ಅಷ್ಟೆ. ನೀವು ನಿಧಾನ ಓದ್ತೀರ ಅಂತ ಎಬ್ಬಿಸ್ದೆ. ತಪ್ಪಾಯ್ತು."

"ಗೊತ್ತಿತ್ತು ಬಿಡಿ ಅಕ್ಕ." ಟವೆಲ್ ಮಡಿಸುತ್ತಲೇ ಅಂದರು. "ಸೌತೆಕಾಯಿ ಹೆಚ್ತಾ ಎಣಿಸ್ತಿದ್ದೆ. ನೀವೆಲ್ಲ ಒಂಬತ್ತು ಸಲ ಓದಿದ್ರಿ. ಮನೆಗೆ ಬಂದು ನಾನೂ ಒಂಬತ್ತು ಓದ್ದೆ. ದೀಪ ಹಚ್ಚೋ ಹೊತ್ತಾಯ್ತು ಅಷ್ಟೆ. ಅಕ್ಕನ ಮನೇಲಿ ಓದಿದ್ದಕ್ಕೆ ಇದನ್ನೂ ಸೇರಿಸ್ಕೊಳ್ಳಮ್ಮ ಅಂತ ದೇವಿನ ಕೇಳ್ಕೊಂಡೆ."

ಬ್ಯಾಗಿನ ಜಿಪ್ ಎಳೆದುಕೊಟ್ಟು ಮೆಟ್ಟಿಲಿಳಿದೆ.

ಸೋಮವಾರ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ದೇವರು ದೊಡ್ಡವನು. ಒಂದು ಮಣೆ ಹೊಸದಾಗಿ ತಂದಿಟ್ಟಿದ್ದೇನೆ. ಅವರು ಬರುತ್ತಾರೋ ಇಲ್ಲವೋ, ಕರೆಯುವ ಮುಖ ನನಗಿದೆಯೋ ಇಲ್ಲವೋ.

ನಮ್ಮ ನೂರಾ ಎಂಟು, ಅವರ ಒಂಬತ್ತು, ಕೂಡಿದರೆ ನೂರಾ ಹದಿನೇಳು. ಹದಿಮೂರಕ್ಕೆ ಸರಿಯಾಗಿ ಭಾಗವಾಗುತ್ತದೆ, ತಲಾ ಒಂಬತ್ತು.

ಅದರಲ್ಲಿ ನನ್ನ ಒಂಬತ್ತನ್ನು ದೇವಿ ಲೆಕ್ಕಕ್ಕೆ ಹಿಡಿದಿರುತ್ತಾಳಾ?